ಕೋಣೆಗಳ ಲೆಕ್ಕ

ಜಿಮ್ ಬೇಕರ್ ಎಂದರೆ ಅಮೆರಿಕದಲ್ಲಿ ಇಂದಿಗೂ ಜನ ಮೊದಲು ನೆನೆಯುವುದು ಜೆಸ್ಸಿಕಾ ಹಾನ್ ಹೆಸರನ್ನು. ಕತೆ ಎಲ್ಲರಿಗೂ ಬಾಯಿಪಾಠ: ಟಿವಿಯಲ್ಲಿ ಏಸುವಿನ ಹೆಸರು ಹೇಳಿ ಕೋಟಿಗಟ್ಟಲೆ ಡಾಲರ್ ಎತ್ತುತ್ತಿದ್ದ ಬೋಧಕ, ಚರ್ಚೊಂದರ ಕಾರ್ಯದರ್ಶಿಯಾಗಿದ್ದ ಈ ಹಾನ್ ವಿಷಯದಲ್ಲಿ ಸಿಕ್ಕಿಬಿದ್ದ, 1987ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟ, ಆಮೇಲೆ ಜೈಲು ಕಂಡ. ಹೆಣ್ಣಿನಿಂದ ಕೆಟ್ಟ ಸನ್ಯಾಸಿಗಳ ಕತೆ ಕೇಳಿ ಬೆಳೆದ ನಮಗೂ ಇದು ಸಲೀಸಾಗಿ ಅರ್ಥವಾಗುತ್ತದೆ. ಇದರ ಬಾಲಕ್ಕೆ ಇನ್ನೊಂದು ಮಾತು ಅಂಟಿಕೊಂಡಿದೆ, ಅವನಿಗೆ ದುಡ್ಡು ಕೊಟ್ಟವರೆಲ್ಲ ಮರುಳರು ಎಂದು. ಎರಡೂ ಮಾತು ತಪ್ಪು ಎಂಬುದು ನನ್ನ ವಾದ.

ಮೊದಲಿಗೆ, ಬೇಕರ್ ಜೈಲಿಗೆ ಹೋದದ್ದು ಹಾನ್ ಪ್ರಕರಣಕ್ಕಾಗಿ ಅಲ್ಲ. 1989ರ ಅಕ್ಟೋಬರ್‌ನಲ್ಲಿ ಷಾರ್ಲೆಟ್ ನಗರದ ಜ್ಯೂರಿ ಅವನನ್ನು ತಪ್ಪಿತಸ್ಥನೆಂದದ್ದು 24 ಆರೋಪಗಳ ಮೇಲೆ. ಎಲ್ಲವೂ ವಂಚನೆಯವು, ವಂಚನೆಯ ಒಳಸಂಚಿನವು. ಅಂದರೆ ಹೋಟೆಲ್ ಕೋಣೆಗಳ ವ್ಯವಹಾರ.

ಬೇಕರ್ ಹುಟ್ಟಿದ್ದು 1940ರಲ್ಲಿ, ಮಿಷಿಗನ್ ರಾಜ್ಯದ ಮಸ್ಕೀಗನ್‌ನಲ್ಲಿ. ಬೈಬಲ್ ಕಾಲೇಜಿನಲ್ಲಿ ಸಿಕ್ಕ ಟ್ಯಾಮಿ ಫೇಯನ್ನು ಮದುವೆಯಾಗಿ, ಟಿವಿ ಬೋಧಕ ಪ್ಯಾಟ್ ರಾಬರ್ಟ್‌ಸನ್ನನ ಚಾನೆಲ್‌ನಲ್ಲಿ ಮಕ್ಕಳಿಗೆ ಗೊಂಬೆಯಾಟ ತೋರಿಸುತ್ತ ಇಬ್ಬರೂ ಮೇಲೆ ಬಂದರು. 1970ರ ದಶಕದ ನಡುವಿನಲ್ಲಿ ಷಾರ್ಲೆಟ್‌ನಿಂದ ಪಿಟಿಎಲ್ ಕಾರ್ಯಕ್ರಮ ಶುರುವಾಯಿತು, 1978ಕ್ಕೆ ಉಪಗ್ರಹ ಸಿಕ್ಕಿತು. ಉಪಗ್ರಹದ ಚಾನೆಲ್‌ಗೆ ಹಗಲೂ ರಾತ್ರಿ ಹೊಟ್ಟೆ. ಅದಕ್ಕೆ ದಿನದಿನವೂ ದುಡ್ಡು ಸುರಿಯಬೇಕು, ದುಡ್ಡು ಬರಬೇಕಾದರೆ ದಿನಕ್ಕೊಂದು ಹೊಸ ಯೋಜನೆ ಸಾರಬೇಕು.

ಯೋಜನೆಗಳಲ್ಲಿ ದೊಡ್ಡದು ದಕ್ಷಿಣ ಕೆರೊಲಿನಾದ ಫೋರ್ಟ್ ಮಿಲ್‌ನಲ್ಲಿ ಎದ್ದ ಹೆರಿಟೇಜ್ ಯುಎಸ್ಎ. ಸುಮಾರು 2,300 ಎಕರೆ, ನೀರಾಟದ ಪಾರ್ಕು, ಅಂಗಡಿ ಸಾಲು, ಪ್ರಾರ್ಥನಾ ಮಂದಿರ, ಜತೆಗೆ ಸುಮಾರು 500 ಕೋಣೆಗಳ ಗ್ರ್ಯಾಂಡ್ ಹೋಟೆಲು. 1984ರಲ್ಲಿ ಬೇಕರ್ ಟಿವಿಯಲ್ಲಿ ಕರೆ ಕೊಟ್ಟ: ಸಾವಿರ ಡಾಲರ್ ಕೊಟ್ಟು ಪಾಲುದಾರರಾಗಿ, ಬದುಕಿರುವವರೆಗೆ ವರ್ಷಕ್ಕೆ ಮೂರು ರಾತ್ರಿ ಇಲ್ಲಿ ಬಿಟ್ಟಿ ವಾಸ. ಎಲ್ಲರಿಗೂ ಜಾಗ ಸಿಗಲೆಂದು 25,000 ಪಾಲಿಗೆ ನಿಲ್ಲಿಸುತ್ತೇವೆ ಎಂದೂ ಹೇಳಿದ.

ಮಾರಿದ್ದು 66,683.

ಇಲ್ಲಿ ಸ್ವಲ್ಪ ನಿಂತು ಗುಣಿಸಿ ನೋಡಬೇಕು. 500 ಕೋಣೆ, 365 ರಾತ್ರಿ: ಒಟ್ಟು 1,82,500. ಅದನ್ನು ಮೂರರಿಂದ ಭಾಗಿಸಿದರೆ 60,833. ಅಂದರೆ ಒಂದೇ ಒಂದು ಕೋಣೆಯನ್ನೂ ಬಾಡಿಗೆಗೆ ಕೊಡದೆ, ವರ್ಷದ ಒಂದು ರಾತ್ರಿಯೂ ಖಾಲಿ ಬಿಡದೆ, ಇಡೀ ಹೋಟೆಲನ್ನು ಪಾಲುದಾರರಿಗೇ ಬಿಟ್ಟುಕೊಟ್ಟರೂ ಸುಮಾರು ಆರು ಸಾವಿರ ಮಂದಿ ಹೊರಗೇ ಉಳಿಯುತ್ತಾರೆ. ಆಮೇಲೂ ಆ ಹೋಟೆಲಿಗೆ ಕಾಸಿನ ಆದಾಯ ಇರುವುದಿಲ್ಲ, ಹಾಸಿಗೆ ಬಟ್ಟೆ ಒಗೆಯುವವನಿಗೆ ಸಂಬಳ ಎಲ್ಲಿಂದ ಬರಬೇಕು? ಪಕ್ಕದ ಟವರ್ಸ್ ಎಂಬ ಎರಡನೇ ಹೋಟೆಲಿಗೆ 30,000 ಎಂದು ಹೇಳಿ 68,755 ಪಾಲು ಮಾರಿದರು. ಅದು ಕಟ್ಟಿ ಮುಗಿಯಲೇ ಇಲ್ಲ. ಎಲ್ಲ ಯೋಜನೆ ಸೇರಿ ಬಂದದ್ದು ಕಡಿಮೆಯೆಂದರೂ 15.8 ಕೋಟಿ ಡಾಲರ್, ಕಟ್ಟಡಕ್ಕೆ ಹೋದದ್ದು ಹೆಚ್ಚುಕಡಿಮೆ ಅರ್ಧ. ಉಳಿದದ್ದು ಚಾನೆಲ್ಲಿನ ದೈನಂದಿನ ಖರ್ಚಿಗೂ ಬೇಕರ್ ದಂಪತಿಗಳ ವೈಭೋಗಕ್ಕೂ ಸಂದಿತು. ಒಂದೇ ಸೈಟನ್ನು ಮೂವರಿಗೆ ರಿಜಿಸ್ಟರ್ ಮಾಡಿಕೊಡುವವರನ್ನು ಬೆಂಗಳೂರು ಬಲ್ಲದು. ಇದು ಅದೇ ಕಸುಬು, ಕೈಯಲ್ಲಿ ಬೈಬಲ್ ಇತ್ತು ಅಷ್ಟೆ.

ಹಾನ್ ಪ್ರಕರಣವೂ ಕೊನೆಗೆ ಇದೇ ಕಡತಕ್ಕೆ ಬಂದು ಸೇರುತ್ತದೆ. 1980ರ ಡಿಸೆಂಬರ್‌ನಲ್ಲಿ ಫ್ಲಾರಿಡಾದ ಹೋಟೆಲೊಂದರಲ್ಲಿ ತನ್ನ ಮೇಲೆ ಬಲಾತ್ಕಾರವಾಯಿತು ಎಂದು ಆಕೆ, ಒಪ್ಪಿಗೆ ಇತ್ತು ಎಂದು ಆತ. ಆಗ ಆಕೆಗೆ 21 ವರ್ಷ. ಇದನ್ನು ‘ಅನೈತಿಕ ಸಂಬಂಧ’ ಎಂದು ಕರೆದು ಮುಗಿಸಿದವರು ಆಕೆಯ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಬಾಯಿ ಮುಚ್ಚಿಸಲು 2,65,000 ಡಾಲರನ್ನು ಮೊದಲು ಹೊಂದಿಸಿದವನು ಹೆರಿಟೇಜ್ ಕಟ್ಟಿದ ಗುತ್ತಿಗೆದಾರ ರೋ ಮೆಸ್ನರ್. ಆಮೇಲೆ ಅಲ್ಲಿನ ಬಯಲು ರಂಗಮಂದಿರದಲ್ಲಿ ಮಾಡದ ಕೆಲಸದ ಹೆಸರಿನಲ್ಲಿ ಆತ ಪಿಟಿಎಲ್‌ಗೆ ಬಿಲ್ಲು ಬರೆದ.

ಇನ್ನು ಮರುಳರ ಮಾತು. ಸಾವಿರ ಡಾಲರಿಗೆ ವರ್ಷವರ್ಷವೂ ಮೂರು ರಾತ್ರಿಯ ರಜೆ ಎಂದರೆ ನಾಲ್ಕಾರು ವರ್ಷದಲ್ಲಿ ಅಸಲು ಕೈಸೇರುವ ವ್ಯವಹಾರ. ಹೋಟೆಲು ಟಿವಿಯಲ್ಲಿ ಕಣ್ಣೆದುರೇ ಏಳುತ್ತಿತ್ತು. ಸ್ವರ್ಗವನ್ನಲ್ಲ, ಕೋಣೆಯನ್ನು ಕೊಂಡವರು ಅವರು, ಗ್ರಾಹಕರು. ಎಷ್ಟು ಪಾಲು ಮಾರಾಟವಾಗಿದೆ ಎಂಬ ಲೆಕ್ಕ ಅವರ ಕೈಯಲ್ಲಿ ಇರಲಿಲ್ಲ. ಕೇಳಬಲ್ಲವರ ಕೈಯಲ್ಲಿ ಮಾತ್ರ ಬಹಳ ಮೊದಲೇ ಸುಳಿವಿತ್ತು. ಕೊರಿಯಾ, ಬ್ರೆಜಿಲ್‌ಗಳ ಪ್ರಸಾರಕ್ಕೆಂದು ಎತ್ತಿದ ಹಣ ಊರಲ್ಲೇ ಖರ್ಚಾಯಿತು ಎಂದು ಷಾರ್ಲೆಟ್ ಅಬ್ಸರ್ವರ್ ಪತ್ರಿಕೆ 1979ರಲ್ಲೇ ಬರೆದಿತ್ತು. ಅಮೆರಿಕದ ಸಂಪರ್ಕ ಆಯೋಗ ಮೂರು ವರ್ಷ ತನಿಖೆ ನಡೆಸಿ, 1982ರಲ್ಲಿ 4–3 ಮತಗಳಿಂದ ಕಡತ ಮುಚ್ಚಿ, ಸಿಕ್ಕಿದ್ದನ್ನು ನ್ಯಾಯ ಇಲಾಖೆಗೆ ದಾಟಿಸಿತು. ಇಲಾಖೆ ಮೊಕದ್ದಮೆ ಹೂಡಲಿಲ್ಲ. ಪಾಲು ಮಾರಾಟ ಶುರುವಾದದ್ದು ಅದಾದ ಮೇಲೆ. ದಾನಿಗಳನ್ನು ಮರುಳರೆಂದು ನಕ್ಕವರು ಈ ನಾಲ್ಕು ಮತಗಳನ್ನು ನೋಡಿ ನಕ್ಕದ್ದನ್ನು ನಾನು ಓದಿಲ್ಲ.

ಹಾಗಾದರೆ ಹೆಣ್ಣಿನ ಕತೆಯೇ ಏಕೆ ಉಳಿಯಿತು? ಎರಡೂ ಕಡೆಯವರಿಗೆ ಅದು ಅನುಕೂಲ. ವಿರೋಧಿಗಳಿಗೆ ನಗಲು ಸಿಗುತ್ತದೆ, ಭಕ್ತರಿಗೆ ಕ್ಷಮಿಸಲು ಸಿಗುತ್ತದೆ. ಬೇಕರನನ್ನು ಕ್ರಿಸ್ತನ ದೇಹಕ್ಕೆ ಅಂಟಿದ ಕ್ಯಾನ್ಸರ್ ಎಂದ ಇನ್ನೊಬ್ಬ ಟಿವಿ ಬೋಧಕ ಜಿಮ್ಮಿ ಸ್ವಾಗರ್ಟ್ 1988ರಲ್ಲಿ ವೇಶ್ಯೆಯೊಬ್ಬಳ ವಿಷಯದಲ್ಲಿ ತಾನೇ ಸಿಕ್ಕಿಬಿದ್ದು, ಕ್ಯಾಮರಾ ಮುಂದೆ ಅತ್ತು, ಕೆಲವೇ ತಿಂಗಳಲ್ಲಿ ವೇದಿಕೆಗೆ ಮರಳಿದ. ಕಾಮದ ಪಾಪಕ್ಕೆ ಕಣ್ಣೀರಿನ ಪರಿಹಾರವುಂಟು. 66,683ನ್ನು 25,000 ಮಾಡುವ ಕಣ್ಣೀರಿಲ್ಲ. ಲೆಕ್ಕ ಬಿಟ್ಟು ಪಾಪದ ಮಾತಾಡುವ ಈ ಬಲೆಗೆ ಬೇಕರನ ನ್ಯಾಯಾಧೀಶ ರಾಬರ್ಟ್ ಪಾಟರ್ ಕೂಡ ಬಿದ್ದ. 45 ವರ್ಷಗಳ ಶಿಕ್ಷೆ ಕೊಡುವಾಗ ದುಡ್ಡುಬಾಕ ಬೋಧಕರಿಂದ ತನ್ನಂಥ ಆಸ್ತಿಕರಿಗೆ ಅವಮಾನವಾಗುತ್ತಿದೆ ಎಂಬ ಅರ್ಥದ ಮಾತಾಡಿದ. ಮೇಲಿನ ನ್ಯಾಯಾಲಯ ಅದೇ ಕಾರಣಕ್ಕೆ ಶಿಕ್ಷೆಯನ್ನು ರದ್ದುಮಾಡಿತು, ತೀರ್ಪನ್ನು ಉಳಿಸಿಕೊಂಡಿತು. ಶಿಕ್ಷೆ ಇಳಿಯುತ್ತ ಬಂದು, ಐದು ವರ್ಷ ತುಂಬುವ ಮೊದಲೇ, 1994ರಲ್ಲಿ, ಬೇಕರ್ ಹೊರಬಂದ.

2021ರ ‘ದಿ ಐಸ್ ಆಫ್ ಟ್ಯಾಮಿ ಫೇ’ ಸಿನಿಮಾ ಟ್ಯಾಮಿಗೆ ನ್ಯಾಯ ಒದಗಿಸಿತು ಎನ್ನುತ್ತಾರೆ. ಏಡ್ಸ್ ಬಂದಿದ್ದ ಸಲಿಂಗಿ ಪಾದ್ರಿಯೊಬ್ಬರನ್ನು 1985ರಲ್ಲೇ ಟಿವಿಯಲ್ಲಿ ಮಾತಾಡಿಸಿದ ಆಕೆಯ ಎದೆಗಾರಿಕೆ ಮೆಚ್ಚುವಂಥದೇ. ಆದರೆ ಅಲ್ಲೂ ಮುಂದೆ ನಿಲ್ಲುವುದು ದಾಂಪತ್ಯದ ಕತೆ, ಪಾಲುದಾರರ ಪಾಡು ಹಿಂದೆ ಸರಿಯುತ್ತದೆ.

ಬೇಕರ್ 1996ರಲ್ಲಿ ‘ಐ ವಾಸ್ ರಾಂಗ್’ ಎಂಬ ಪುಸ್ತಕ ಬರೆದು, ಸಂಪತ್ತೇ ದೈವಕೃಪೆ ಎಂಬ ಬೋಧನೆಯನ್ನು ತೊರೆದೆ ಎಂದ. 2003ರಲ್ಲಿ ಮಿಸೌರಿಯಿಂದ ಮತ್ತೆ ಟಿವಿಗೆ ಬಂದ. ಈ ಸಲ ಮಾರಿದ್ದು ಲೋಕ ಮುಳುಗುವ ಕಾಲಕ್ಕೆಂದು ಬಕೆಟ್ಟುಗಳಲ್ಲಿ ತುಂಬಿಟ್ಟ ಒಣ ಆಹಾರ, ಬೆಳ್ಳಿಯ ದ್ರಾವಣ. 2020ರಲ್ಲಿ ಆ ದ್ರಾವಣಕ್ಕೂ ಕೊರೋನಾಕ್ಕೂ ನಂಟು ಕಲ್ಪಿಸಿದ್ದಕ್ಕೆ ಮಿಸೌರಿ ಸರ್ಕಾರ ದಾವೆ ಹೂಡಿತು. ಮರುವರ್ಷ, ತಪ್ಪೊಪ್ಪಿಕೊಳ್ಳದೆ, ಕೊಂಡವರಿಗೆ ಸುಮಾರು 1,56,000 ಡಾಲರ್ ಹಿಂದಿರುಗಿಸುವ ರಾಜಿಯಾಯಿತು.

ಪಶ್ಚಾತ್ತಾಪ ನಿಜವೋ ನಾಟಕವೋ ಎಂಬ ಚರ್ಚೆ ನನಗೆ ಬೇಡ. ಕ್ಷಮಿಸುವ ಹಕ್ಕು ಯಾರಿಗಾದರೂ ಇದ್ದರೆ ಅದು ಸಾವಿರ ಡಾಲರ್ ಕೊಟ್ಟ ಆ ಪಾಲುದಾರರಿಗೆ. ಅವರ ಪರವಾಗಿ ವರ್ಷಗಟ್ಟಲೆ ನಡೆದ ದಾವೆ ಮುಗಿದು, ವಕೀಲರ ಪಾಲು ಕಳೆದು, 2003ರಲ್ಲಿ ಅವರ ಕೈಗೆ ಬಂದದ್ದು ತಲಾ 6 ಡಾಲರ್ 54 ಸೆಂಟ್.