ಆವರ್ತ ದಶಮಾಂಶಗಳ ಬೋಧನೆ: ಒಂದು ವಿಮರ್ಶೆ

ಚರಿತ್ರೆಯನ್ನು ಬೋಧಿಸುವವನು ಗಣಿತದ ಪಾಠವನ್ನು ಕುರಿತು ಬರೆಯಹೊರಟರೆ ಅದು ಅಧಿಕಪ್ರಸಂಗವೆನಿಸಬಹುದು. ಆದರೆ ಈ ಲೇಖನಕ್ಕೆ ಕಾರಣವಾದ ಸಂಗತಿಯು ಒದಗಿದುದು ಚರಿತ್ರೆಯ ತರಗತಿಯಲ್ಲಿಯೇ. ಆರ್ಥಿಕ ಇತಿಹಾಸದ ಪಾಠಕ್ಕೆಂದು ಹಳೆಯ ಜಮಾಖರ್ಚಿನ ಪುಸ್ತಕವೊಂದರ ಕೆಲವು ಪುಟಗಳನ್ನು ವಿದ್ಯಾರ್ಥಿಗಳ ಮುಂದಿಟ್ಟಿದ್ದೆನು. ಒಂದು ರೂಪಾಯಿಯ ಬಾಬನ್ನು ಮೂವರು ಅಣ್ಣತಮ್ಮಂದಿರಿಗೆ ಸಮನಾಗಿ ಹಂಚಿ, ಒಬ್ಬೊಬ್ಬನ ಹೆಸರಿನ ಮುಂದೆಯೂ ಐದಾಣೆ ನಾಲ್ಕು ಪೈ ಎಂದು ಬರೆದಿದ್ದಿತು. ವಿದ್ಯಾರ್ಥಿಗಳು ಅದನ್ನು ದಶಮಾಂಶಕ್ಕೆ ತಿರುಗಿಸಿ 0.33 ರೂಪಾಯಿ ಎಂದು ಗುರುತು ಹಾಕಿಕೊಂಡರು. ಮೂರು ಪಾಲುಗಳನ್ನು ಕೂಡಿದಾಗ 0.99 ಬಂದಿತು. ಲೆಕ್ಕ ಬರೆದವನು ಒಂದು ಪೈಸೆಯನ್ನು ನುಂಗಿದ್ದಾನೆಂದು ಒಬ್ಬ ವಿದ್ಯಾರ್ಥಿಯು ತೀರ್ಪನ್ನೇ ಕೊಟ್ಟುಬಿಟ್ಟನು.

ನುಂಗಿದವನು ಲೆಕ್ಕಿಗನಲ್ಲ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಅಂತೂ 192 ಪೈ. ಅದರ ಮೂರನೆಯ ಒಂದು ಪಾಲು 64 ಪೈ. ಎಂದರೆ ಐದಾಣೆ ನಾಲ್ಕು ಪೈ. ಚೂರೂ ಉಳಿಯುವುದಿಲ್ಲ. ಉಳಿಕೆಯು ಹುಟ್ಟಿದುದು ನಮ್ಮ ದಶಮಾಂಶದಲ್ಲಿ. 0.333... ಎಂಬುದನ್ನು ಭಿನ್ನರಾಶಿಯಾಗಿ ಬರೆಯುವುದು ಹೇಗೆಂದು ಕೇಳಿದೆನು. ಆವರ್ತಿಸುವ ಅಂಕಿಗಳೆಷ್ಟೋ ಅಷ್ಟು ಒಂಬತ್ತುಗಳನ್ನು ಛೇದದಲ್ಲಿ ಇಡಬೇಕೆಂಬ ಸೂತ್ರವು ತತ್‌ಕ್ಷಣವೇ ಬಂದಿತು. ಮೂರನ್ನು ಒಂಬತ್ತರಿಂದ ಭಾಗಿಸಿ ಮೂರನೆಯ ಒಂದು ಎಂದೂ ಹೇಳಿದರು. ಹೀಗೆ ಸೂತ್ರವನ್ನು ಬಲ್ಲವರೇ ಒಬ್ಬ ಪ್ರಾಮಾಣಿಕನನ್ನು ಕಳ್ಳನೆಂದು ಕರೆದಿದ್ದರು.

ನಮ್ಮ ಪಾಠಪುಸ್ತಕಗಳಲ್ಲಿ ಈ ವಿಷಯವು ಸಾಮಾನ್ಯವಾಗಿ ಎರಡು ರೂಪಗಳಲ್ಲಿ ಬರುತ್ತದೆ. ಒಂದು, ಮೇಲೆ ಹೇಳಿದ ಒಂಬತ್ತುಗಳ ಸೂತ್ರ. ಇನ್ನೊಂದು, ಬೀಜಗಣಿತದ ರೀತಿ. 0.58333... ಎಂಬುದನ್ನು ಒಂದು ಅವ್ಯಕ್ತವೆಂದು ಇಟ್ಟುಕೊಂಡು, ಅದರ ಸಾವಿರ ಪಟ್ಟಿನಿಂದ ನೂರು ಪಟ್ಟನ್ನು ಕಳೆದರೆ, 583.333... ರಿಂದ 58.333... ಹೋಗಿ 525 ಉಳಿಯುತ್ತದೆ. ಆದ್ದರಿಂದ ಅವ್ಯಕ್ತದ ಒಂಬೈನೂರು ಪಟ್ಟು 525, ಉತ್ತರ 7/12. ಉತ್ತರದಲ್ಲಿ ದೋಷವಿಲ್ಲ. ಆದರೆ ಕೊನೆಯಿಲ್ಲದ ಎರಡು ಸಾಲುಗಳನ್ನು ಒಂದರಿಂದೊಂದು ಕಳೆಯಬಹುದೆಂಬುದನ್ನು ಬಾಲಕನು ಯಾವ ಆಧಾರದ ಮೇಲೆ ಒಪ್ಪಬೇಕು? ಅವನು ಒಪ್ಪುವುದು ಗುರುವಿನ ಮುಖವನ್ನು ನೋಡಿ. ಅದೇ ರೀತಿಯು 0.999... ಎಂಬುದು ಒಂದಕ್ಕೆ ಸಮವೆಂದು ತೋರಿಸಿದ ದಿನ ಆ ಒಪ್ಪಿಗೆಯು ಕುಸಿಯುತ್ತದೆ. ಇದೇನೋ ಕಣ್ಕಟ್ಟು ಎಂದು ಅವನು ಪುಸ್ತಕವನ್ನು ಮುಚ್ಚುತ್ತಾನೆ. ಸ್ಪರ್ಧಾಪರೀಕ್ಷೆಗಳ ಕೈಪಿಡಿಗಳ ಮಾತನ್ನು ಇಲ್ಲಿ ಎತ್ತದಿರುವುದೇ ಲೇಸು.

ಈ ಎರಡು ರೂಪಗಳಲ್ಲಿಯೂ ಕಾಣದಿರುವ ವಸ್ತುವೊಂದಿದೆ: ಶೇಷ. ಒಂದನ್ನು ಏಳರಿಂದ ಭಾಗಿಸುವಾಗ 1, 4, 2, 8, 5, 7 ಎಂಬ ಅಂಕಿಗಳು ಭಾಗಲಬ್ಧದಲ್ಲಿ ಏಳುತ್ತವೆ. ಅವುಗಳ ಕೆಳಗೆ 3, 2, 6, 4, 5, 1 ಎಂಬ ಶೇಷಗಳು ಉಳಿಯುತ್ತವೆ. ವಿದ್ಯಾರ್ಥಿಯ ಕಣ್ಣು ಮೇಲಿನ ಸಾಲಿನ ಮೇಲಿರುತ್ತದೆ. ಕಾರಣವಿರುವುದು ಕೆಳಗಿನ ಸಾಲಿನಲ್ಲಿ. ಏಳರಿಂದ ಭಾಗಿಸುವಾಗ ಸೊನ್ನೆಯಲ್ಲದ ಶೇಷಗಳು ಆರೇ ಇರಲು ಸಾಧ್ಯ. ಆದುದರಿಂದ ಯಾವುದಾದರೊಂದು ಶೇಷವು ಬೇಗನೆ ಮರಳಿ ಬರಲೇಬೇಕು. ಅದು ಬಂದೊಡನೆ ಅದರ ಹಿಂದಿನ ಮೆರವಣಿಗೆಯೆಲ್ಲವೂ ಮರಳುತ್ತದೆ. ಇಲ್ಲಿ ಆರನೆಯ ಹೆಜ್ಜೆಯಲ್ಲಿ 1 ಎಂಬ ಮೊದಲಿನ ಭಾಜ್ಯವೇ ಶೇಷವಾಗಿ ನಿಂತಿತು. ಅಂದರೆ ಹತ್ತು ಲಕ್ಷವು ಏಳರ 142857 ಪಟ್ಟು, ಮೇಲೆ ಒಂದು. ಆ ಒಂದನ್ನು ತೆಗೆದರೆ 999999 ಎಂಬುದು ಏಳರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಏಳನೆಯ ಒಂದು ಪಾಲು 142857/999999 ಆಗುತ್ತದೆ. ಒಂಬತ್ತುಗಳು ಎಲ್ಲಿಂದ ಬಂದವೆಂಬ ಪ್ರಶ್ನೆಗೆ ಇದೇ ಉತ್ತರ. ಇದರಲ್ಲಿ ಅನಂತದ ಸೋಂಕೇ ಇಲ್ಲ. ಪ್ರೌಢಶಾಲೆಯ ಬಾಲಕನು ಕರಿಹಲಗೆಯ ಮೇಲೆ ತಾನೇ ಮಾಡಿ ನೋಡಬಹುದಾದ ಭಾಗಾಕಾರವಿದು. ಯಾವುದೋ ಆವರ್ತ ದಶಮಾಂಶವನ್ನು ಮೊದಲು ಕೊಟ್ಟು ಅದರ ಬೆಲೆಯನ್ನು ಕೇಳಿದಾಗ ಅನಂತ ಶ್ರೇಢಿಯ ವಿಚಾರವು ಬೇಕಾಗುತ್ತದೆ, ನಿಜ. ಅದು ಕಾಲೇಜಿನ ತರಗತಿಗೆ ಕಾದಿರಲಿ. ಅಲ್ಲಿಯವರೆಗೆ ಬಂದ ಭಿನ್ನರಾಶಿಯನ್ನು ಮತ್ತೆ ಭಾಗಿಸಿ ತಾಳೆ ನೋಡುವುದು ಸಾಕು.

ಶೇಷವನ್ನು ಹೀಗೆ ಕಣ್ಮರೆಮಾಡುವುದು ದಶಮಾಂಶದ ಪ್ರವರ್ತಕರ ರೂಢಿಯಾಗಿರಲಿಲ್ಲವೆಂಬುದನ್ನು ಚರಿತ್ರೆಯ ವಿದ್ಯಾರ್ಥಿಯು ಗಮನಿಸಬೇಕು. ಯೂರೋಪಿನಲ್ಲಿ ದಶಮಾಂಶಗಳ ಬಳಕೆಯನ್ನು ಜನಸಾಮಾನ್ಯರಿಗೆ ತಿಳಿಯಹೇಳಿದ ಸೈಮನ್ ಸ್ಟೆವಿನ್ನನು 1585ರ ತನ್ನ ಕಿರುಹೊತ್ತಗೆಯಲ್ಲಿ ನಾಲ್ಕನ್ನು ಮೂರರಿಂದ ಭಾಗಿಸುವಂಥ ಸಂದರ್ಭವನ್ನು ಎತ್ತಿಕೊಂಡಿದ್ದಾನೆ. ಅಲ್ಲಿ ಮೂರುಗಳು ಮುಗಿಯುವುದಿಲ್ಲವೆಂದೂ, ಎಲ್ಲಿ ನಿಲ್ಲಿಸಿದರೂ ಮೂರನೆಯ ಒಂದು ಪಾಲು ಮಿಗುತ್ತದೆಂದೂ ಅವನು ಹೇಳುತ್ತಾನೆ. ಕಾರ್ಯಕ್ಕೆ ಬೇಕಾದಷ್ಟು ಸ್ಥಾನಗಳನ್ನು ಇಟ್ಟುಕೊಂಡು ಉಳಿದುದನ್ನು ಬಿಡಬಹುದೆಂಬುದು ಅವನ ಸಲಹೆ. ಬಿಡುವವನಿಗೆ ತಾನು ಬಿಡುತ್ತಿರುವುದು ಏನೆಂಬುದು ಗೊತ್ತಿದ್ದಿತು.

ನಮ್ಮ ನಾಡಿನಲ್ಲಿ, ಸುಮಾರು 850ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ಭಿನ್ನರಾಶಿಗಳಿಗೆ ಕಲಾಸವರ್ಣವೆಂಬ ವ್ಯವಹಾರವನ್ನೇ ಮೀಸಲಿಟ್ಟಿದ್ದಾನೆ. ಒಂದನ್ನು ಬೇಕಾದಷ್ಟು ಏಕಾಂಶ ಭಿನ್ನಗಳಾಗಿ ಒಡೆಯುವ ಅವನ ವಿಧಿಯಂತೆ ನಾಲ್ಕು ಪದಗಳು 1/2, 1/3, 1/9, 1/18 ಎಂದಾಗುತ್ತವೆ. ಛೇದಗಳು ಮೂರರ ಪಟ್ಟಿನಲ್ಲಿ ಏರುತ್ತ ಹೋಗಿ, ಕೊನೆಯದು ಮಾತ್ರ ಹಿಂದಿನದರ ಇಮ್ಮಡಿಯಾಗಿ ನಿಲ್ಲುತ್ತದೆ. ಆ ಕೊನೆಯ ಪದವೇ ಶೇಷ. ಶ್ರೇಢಿಯನ್ನು ಎಲ್ಲಿ ಕಡಿದರೂ ಮಿಕ್ಕುದನ್ನು ತುಂಬಿಕೊಡುವ ಪದ. ಅದೇ ಗ್ರಂಥದ ಹಾರಸಂಖ್ಯೆಗಳಲ್ಲಿ 142857143ನ್ನು ಏಳರಿಂದ ಗುಣಿಸಿ 1000000001 ಎಂಬ ಮಾಲೆಯನ್ನೂ, 152207ನ್ನು 73ರಿಂದ ಗುಣಿಸಿ ಎಂಟು ಒಂದುಗಳ ಮಾಲೆಯನ್ನೂ ಪಡೆದಿದ್ದಾನೆ. 73ರ ಆವರ್ತವು ಎಂಟು ಅಂಕಿಗಳದ್ದೆಂಬುದಕ್ಕೂ ಈ ಗುಣಾಕಾರಕ್ಕೂ ಮೂಲ ಒಂದೇ. ಆದರೆ ಇಷ್ಟರಿಂದ ಆವರ್ತ ದಶಮಾಂಶವು ಮಾನ್ಯಖೇಟದಲ್ಲಿ ಹುಟ್ಟಿತೆಂದು ಸಾರಲು ಹೊರಡುವವರೊಡನೆ ನಾನು ಸೇರಲಾರೆ. ಮಹಾವೀರನಲ್ಲಿ ದಶಮಾಂಶ ಭಿನ್ನದ ಬರವಣಿಗೆಯಿಲ್ಲ. ಅವನಿಗೆ ಸಲ್ಲದ ಕಿರೀಟವನ್ನು ತೊಡಿಸಿದರೆ ಅವನಿಗೆ ಸಲ್ಲುವ ಮರ್ಯಾದೆಯೂ ಮರೆಯಾಗುತ್ತದೆ.

ಇನ್ನು ನಾಣ್ಯದ ಮಾತು. ಅರೆ, ಕಾಲು, ಅರೆಕಾಲು, ವೀಸ ಎಂಬ ನಮ್ಮ ಹಳೆಯ ಭಾಗಗಳೆಲ್ಲವೂ ಎರಡರ ಒಡಕುಗಳು. ವೀಸವೆಂಬ ಹದಿನಾರನೆಯ ಒಂದು ಪಾಲು 0.0625 ಆಗಿ ನಾಲ್ಕು ಸ್ಥಾನಗಳಲ್ಲಿ ಮುಗಿಯುತ್ತದೆ. ಏಕೆಂದರೆ ಹತ್ತರಲ್ಲಿ ಎರಡಿದೆ. ಪೈ ಹಾಗಲ್ಲ. 192ರಲ್ಲಿ ಮೂರು ಅಡಗಿರುವುದರಿಂದ ಒಂದು ಪೈಯು ರೂಪಾಯಿಯ 0.005208333... ಆಗುತ್ತದೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆಯಾದಾಗ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂದು ಕೋಷ್ಟಕವನ್ನು ಮಾಡಬೇಕಾಯಿತು. ಆಣೆಯ ತೊಡಕು ಅರೆಕಾಸು ಕಾಲುಕಾಸುಗಳದ್ದು. ಸ್ಥಾನಗಳನ್ನು ಹೆಚ್ಚಿಸಿದರೆ ತೀರುತ್ತಿದ್ದಿತು. ಮೂರನೆಯ ಒಂದು ಪಾಲಾದರೋ ಎಷ್ಟು ಸ್ಥಾನಗಳನ್ನು ಕೊಟ್ಟರೂ ಹೊಸ ನಾಣ್ಯದೊಳಗೆ ಹಿಡಿಯಲಾರದು. ಆವರ್ತವು ಭಿನ್ನರಾಶಿಯ ಗುಣವಲ್ಲ, ನಾವು ಆರಿಸಿಕೊಂಡ ಹತ್ತರ ಗುಣ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆಯನ್ನು ನಾನು ಕಾಣೆ. ನಮ್ಮ ಗಣಿತದ ಪಾಠದಲ್ಲಿ ಇದಕ್ಕೆ ಎಡೆಯೇಕೆ ದೊರೆಯಲಿಲ್ಲವೋ!

ಮುಂದಿನ ವಾರ ಅದೇ ಪುಟಗಳನ್ನು ಮತ್ತೆ ತೆರೆದೆವು. ಈ ಸಲ ದಶಮಾಂಶವನ್ನು ಬದಿಗಿಟ್ಟು ಪೈಗಳಲ್ಲಿಯೇ ಲೆಕ್ಕ ಹಾಕಬೇಕೆಂದು ಹೇಳಿದ್ದೆನು. ಕೆಳಗಿನ ಬಾಬೊಂದರಲ್ಲಿ ಒಂದು ರೂಪಾಯಿಯನ್ನು ಏಳು ಮಂದಿಗೆ ಹಂಚಿದ್ದಿತು: ಒಬ್ಬೊಬ್ಬರಿಗೆ ಎರಡಾಣೆ ಮೂರು ಪೈ. ಇಪ್ಪತ್ತೇಳೇಳು ನೂರಎಂಬತ್ತೊಂಬತ್ತು ಎಂದು ಯಾರೋ ಹಿಂದಿನ ಬೆಂಚಿನಿಂದ ಕೂಗಿದರು. ಉಳಿದ ಮೂರು ಪೈಗಳನ್ನು ಹುಡುಕುತ್ತ ಹೋದಾಗ, ಪುಟದ ಅಡಿಯಲ್ಲಿ ‘ಶಿಲ್ಕು 3 ಪೈ’ ಎಂಬ ಸಾಲು ಸಿಕ್ಕಿತು. ಅದನ್ನು ಮೊದಲು ಕಂಡವನು, ಹಿಂದಿನ ವಾರ ತೀರ್ಪು ಕೊಟ್ಟ ವಿದ್ಯಾರ್ಥಿಯೇ.