ಚೆಂಡು ಬರುವ ಮೊದಲೇ

ಕಾರ್ಲ್ಟನ್ ಚಾಪ್ಮನ್ ಹೆಸರೆತ್ತಿದರೆ ಹಳೆಯ ಫುಟ್‌ಬಾಲ್ ಪ್ರಿಯರು ನೆನೆಯುವುದು 1993ರ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯವನ್ನೇ. ಇರಾಕಿನ ಅಲ್ ಜವ್ರಾ ವಿರುದ್ಧ ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಬೆಂಗಳೂರಿನ ಈ ಹುಡುಗನದು ಹ್ಯಾಟ್ರಿಕ್. ಸಣ್ಣ ಮಾತಲ್ಲ. ಆದರೆ ಮಿಡ್‌ಫೀಲ್ಡರ್‌ನನ್ನು ಅವನು ಹೊಡೆದ ಗೋಲಿನಿಂದ ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ಚಾಪ್ಮನ್ ಯಾರೆಂದು ತಿಳಿಯಲು ಅವರು 1995ರಿಂದ ಎರಡು ವರ್ಷ ಪಂಜಾಬಿನ ಜೆಸಿಟಿಗೆ ಆಡಿದ್ದನ್ನು ನೋಡಬೇಕು. ಮುಂಚೂಣಿಯಲ್ಲಿ ಸ್ಟ್ರೈಕರ್‌ಗಳಾದ ಐ.ಎಂ. ವಿಜಯನ್, ಭೈಚುಂಗ್ ಭುಟಿಯಾ. ಅವರ ಬೆನ್ನಿಗೆ ಚಾಪ್ಮನ್. 1996-97ರ ಮೊತ್ತಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಜೆಸಿಟಿ ಪಾಲಾಯಿತು.

ನಡುಮೈದಾನದವನ ಕೆಲಸ ಚೆಂಡು ಕಾಲಿಗೆ ಸಿಗುವ ಮೊದಲೇ ಶುರು. ಪಾಸ್ ಬರುತ್ತಿರುವಾಗಲೇ ಎರಡೂ ಭುಜದ ಮೇಲಿಂದ ಹಿಂದೆ ನೋಡಿಕೊಳ್ಳಬೇಕು. ಎದುರಾಳಿ ಎಷ್ಟು ಹತ್ತಿರ ಇದ್ದಾನೆ, ತನ್ನವನು ಎತ್ತ ಓಡುತ್ತಿದ್ದಾನೆ ಎಂದು ತಿಳಿದಿರಬೇಕು. ಮೈ ಅರ್ಧ ತಿರುಗಿಸಿ ನಿಂತರೆ ಮೊದಲ ಸ್ಪರ್ಶದಲ್ಲೇ ಚೆಂಡು ಖಾಲಿ ಜಾಗಕ್ಕೆ ಹೋಗುತ್ತದೆ. ಪ್ರೇಕ್ಷಕರ ಕಣ್ಣಿಗೆ ಬೀಳದ ಈ ಕೆಲಸವೇ ಸ್ಟ್ರೈಕರ್‌ಗೆ ಅರ್ಧ ಗೋಲು.

ಜೆಸಿಟಿ ಬಿಟ್ಟ ಮೇಲೆ ಚಾಪ್ಮನ್ ಆಡಿದ್ದು ಎಫ್‌ಸಿ ಕೊಚ್ಚಿನ್‌ಗೆ, ಮತ್ತೆ ಈಸ್ಟ್ ಬೆಂಗಾಲ್‌ಗೆ. 2000-01ರಲ್ಲಿ ಅವರ ನಾಯಕತ್ವದಲ್ಲೇ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಿತು. ಭಾರತ ತಂಡದ ನಾಯಕರೂ ಆಗಿದ್ದರು. 2001ರಲ್ಲಿ ಆಟ ನಿಲ್ಲಿಸಿ, ಮರುವರ್ಷವೇ ತಾವು ಕಲಿತ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಕೋಚ್ ಆದರು. ಅಲ್ಲಿಂದ ಮುಂದೆ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ, ದೆಹಲಿಯ ಸುದೇವ, ಕೋಯಿಕ್ಕೋಡಿನ ಕ್ವಾರ್ಟ್ಜ್. ಹೆಸರು ಮಾಡಿದ ಆಟಗಾರರು ಟಿ.ವಿ. ಸ್ಟುಡಿಯೊ ಸೇರುವ ಕಾಲದಲ್ಲಿ ಇವರು ಸಣ್ಣ ಕ್ಲಬ್ಬುಗಳ ಮೈದಾನದಲ್ಲಿ ಹುಡುಗರ ಜೊತೆ ಇದ್ದರು. ನನ್ನ ಲೆಕ್ಕದಲ್ಲಿ ಅವರ ಬದುಕಿನ ಹೆಚ್ಚು ತೂಕದ ಭಾಗ ಇದೇ. 2020ರ ಅಕ್ಟೋಬರ್ 12ರಂದು, 49ನೇ ವಯಸ್ಸಿಗೆ, ಬೆಂಗಳೂರಿನಲ್ಲಿ ತೀರಿಕೊಂಡರು. ಕಲಿಸುವುದು ಇನ್ನೂ ಬೇಕಾದಷ್ಟಿತ್ತು.

ಕೊಡಗಿನ ನಮ್ಮ ಕಕ್ಕಬೆ ಸೀಮೆಯಲ್ಲಿ ಆಟವೆಂದರೆ ಮೊದಲ ಮಾತು ಫುಟ್‌ಬಾಲಿನದಲ್ಲ, ಹಾಕಿಯದು. ಕೊಡವ ಕುಟುಂಬಗಳ ಹಾಕಿ ಉತ್ಸವ 1997ರಲ್ಲಿ ಶುರುವಾದದ್ದು ಕರಡದಲ್ಲಿ. ಆದರೆ 1973ರ ವಿಶ್ವಕಪ್‌ನಲ್ಲಿ ಭಾರತ ಹಾಕಿ ತಂಡದ ನಾಯಕರಾಗಿ ಬೆಳ್ಳಿ ತಂದ, ಆಮೇಲೆ ರಾಷ್ಟ್ರೀಯ ಕೋಚ್ ಆದ ಎಂ.ಪಿ. ಗಣೇಶ್ ಮೊದಲು ಕೊಡಗು ಜಿಲ್ಲೆಗೆ ಆಡಿದ್ದು ಫುಟ್‌ಬಾಲ್. ಈ ಮಣ್ಣಿಗೆ ಆ ಆಟ ಹೊಸದಲ್ಲ.

ಮಳೆಗಾಲದ ಗದ್ದೆ ಫುಟ್‌ಬಾಲ್ ನೋಡಿ. ಚೆಂಡು ಕೆಸರಲ್ಲಿ ಹೂತರೆ ಐದಾರು ಹುಡುಗರು ಅದಕ್ಕೇ ಮುತ್ತಿಕೊಳ್ಳುತ್ತಾರೆ. ಒಬ್ಬ ಮಾತ್ರ ಹತ್ತು ಹೆಜ್ಜೆ ಹಿಂದೆ ನಿಂತು ಆಚೀಚೆ ಕತ್ತು ತಿರುಗಿಸುತ್ತಿರುತ್ತಾನೆ. ಬದುವಿನ ಮೇಲಿದ್ದವರು ಕೂಗುತ್ತಾರೆ: "ಏಯ್, ಅಲ್ಲಿ ನಿಂತು ಏನೋ ನೋಡ್ತಿದ್ದೀಯ? ಮುಂದೆ ಹೋಗೋ!" ದಯವಿಟ್ಟು ಹಾಗೆ ಕೂಗಬೇಡಿ. ಅವನು ಸರಿಯಾದ ಜಾಗದಲ್ಲೇ ಇದ್ದಾನೆ. ಅವನಿಗೆ ಪಾಸ್ ಕೊಡಿ ಎಂದು ಉಳಿದ ಹುಡುಗರಿಗೆ ಹೇಳಿ. ಟೂರ್ನಿ ನಡೆಸುವವರು ಹೆಚ್ಚು ಗೋಲು ಹೊಡೆದವನ ಕಪ್ಪಿನ ಪಕ್ಕದಲ್ಲಿ ಒಳ್ಳೆಯ ಪಾಸ್ ಕೊಟ್ಟವನಿಗೂ ಒಂದು ಕಪ್ ಇಡಲಿ. ಅದಕ್ಕೆ ಚಾಪ್ಮನ್ ಹೆಸರನ್ನೇ ಇಡಲಿ.