ಒಲಿಂಪಸ್ಸಿನ ಖಡ್ಗ ಮತ್ತು ಅದರ ಪುರಾಣಮೂಲ

2007ರಲ್ಲಿ ಹೊರಬಂದ ‘ಗಾಡ್ ಆಫ್ ವಾರ್ 2’ ಎಂಬ ವಿಡಿಯೊ ಆಟದ ಕಥೆಗೆಲ್ಲ ‘ಒಲಿಂಪಸ್ಸಿನ ಖಡ್ಗ’ವೇ ಆಧಾರವಾಗಿದೆ. ದೇವರಾಜನಾದ ಸ್ಯೂಸನು ಟೈಟನ್ನರೊಡನೆ ನಡೆದ ಮಹಾಯುದ್ಧವನ್ನು ಮುಗಿಸಲು ಇದನ್ನು ನಿರ್ಮಿಸಿ, ಇದರ ಬಲದಿಂದಲೇ ಅವರನ್ನು ಪಾತಾಳಕ್ಕೆ ತಳ್ಳಿದನೆಂದು ಅಲ್ಲಿ ಹೇಳಿದೆ. ಹೆಸರನ್ನು ಕೇಳಿದೊಡನೆ ಇದು ಗ್ರೀಕರ ಪ್ರಾಚೀನ ಆಯುಧವೆಂಬ ಭಾವನೆ ಹುಟ್ಟುವುದು ಸಹಜ. ಆದರೆ ಹೆಸಿಯಡನ ‘ಥಿಯಾಗನಿ’ಯಲ್ಲಿ ಸ್ಯೂಸನ ಆಯುಧ ಸಿಡಿಲು, ಅದನ್ನಿತ್ತವರು ಬ್ರಾಂಟಿಸ್, ಸ್ಟೆರೊಪಿಸ್, ಆರ್ಗಿಸ್ ಎಂಬ ಒಕ್ಕಣ್ಣರು.

ಇದನ್ನು ಬರಿಯ ಆಯುಧಭೇದವೆಂದು ಕಡೆಗಣಿಸತಕ್ಕದ್ದಲ್ಲ. ಹೆಸಿಯಡನಲ್ಲಿ ಹತ್ತು ವರ್ಷ ಕಾದಾಡಿದರೂ ಯುದ್ಧ ತೀರಲಿಲ್ಲ. ಭೂದೇವಿಯಾದ ಗೈಯಾಳ ಮಾತಿನಂತೆ ಸೆರೆಯಲ್ಲಿದ್ದ ಮೂವರು ಶತಬಾಹುಗಳನ್ನು ಬಿಡಿಸಿ, ದೇವತೆಗಳ ಆಹಾರವನ್ನಿತ್ತು ಸತ್ಕರಿಸಿದ ಮೇಲೆಯೇ ಜಯ ಕೈಗೂಡಿತು. ಅವರೆಸೆದ 300 ಬಂಡೆಗಳು ಟೈಟನ್ನರನ್ನು ಮುಚ್ಚಿಬಿಟ್ಟುವು. ಸ್ಯೂಸನ ಪ್ರಭುತ್ವಕ್ಕೆ ಸಿಡಿಲಿನಷ್ಟೇ ಮೈತ್ರಿಯೂ ಮೂಲ. ಆಟದಲ್ಲಾದರೋ ಈ ಮೈತ್ರಿ ಮರೆಯಾಗಿ, ಒಂದು ವಸ್ತುವಿನ ಒಡೆತನವೇ ಪ್ರಭುತ್ವವೆನಿಸಿದೆ. ಈ ಅಂಶದಲ್ಲಿ ನೂತನ ಕಥೆ ಮೂಲಕ್ಕಿಂತ ಬಡವಾದುದೆಂದೇ ಹೇಳಬೇಕು.

ಹಾಗೆಂದು ಖಡ್ಗದ ಕಲ್ಪನೆ ಕೇವಲ ನಿರಾಧಾರವೆನ್ನಲಾಗದು. ಗ್ರೀಕರಲ್ಲಿ ‘ಹಾರ್ಪೆ’ ಎಂಬ ಕುಡುಗೋಲಿನಾಕಾರದ ಆಯುಧವೊಂದುಂಟು. ಅಡಮಸ್ ಎಂಬ ಅಭೇದ್ಯವಸ್ತುವಿನಿಂದ ಗೈಯಾ ರಚಿಸಿದ ಕುಡುಗೋಲಿನಿಂದಲೇ ಕ್ರೋನಸನು ತಂದೆಯಾದ ಯುರಾನಸನನ್ನು ಕತ್ತರಿಸಿದನು. ಪರ್ಸಿಯುಸನಿಗೆ ಹರ್ಮೀಸನು ಕೊಟ್ಟುದೂ ಇಂತಹುದೇ. ಇವೆರಡಕ್ಕಿಂತ ಮುಖ್ಯವಾದುದು ಅಪೊಲೊಡೋರಸನ ಹೆಸರಿನಲ್ಲಿರುವ ‘ಬಿಬ್ಲಿಯೊಥೀಕ’ದ ಟೈಫನ್ ಪ್ರಸಂಗ. ಅಲ್ಲಿ ಸ್ಯೂಸನು ದೂರದಿಂದ ಸಿಡಿಲನ್ನೆಸೆದು, ಹತ್ತಿರಕ್ಕೆ ಬಂದಾಗ ಹಾರ್ಪೆಯಿಂದ ಹೊಡೆಯುತ್ತಾನೆ. ಟೈಫನ್ ಅದನ್ನು ಕಸಿದುಕೊಂಡು ದೇವರಾಜನ ಕೈಕಾಲುಗಳ ನರಗಳನ್ನೇ ಕೊಯ್ದು, ಅವನನ್ನು ಸಿಲಿಸಿಯದ ಗುಹೆಯೊಂದರಲ್ಲಿ ಕೆಡಹುತ್ತಾನೆ. ಎಸೆದ ಸಿಡಿಲನ್ನು ವೈರಿ ಹಿಡಿಯಲಾರ. ಕೈಯಲ್ಲಿ ಹಿಡಿದ ಆಯುಧ ಮಾತ್ರ ಕೈ ಬದಲಾಯಿಸಬಲ್ಲುದು.

ಆಟದ ಕಥೆ ನಿಂತಿರುವುದೂ ಈ ಗುಣದ ಮೇಲೆಯೇ. ರೋಡ್ಸಿನ ಮಹಾವಿಗ್ರಹವನ್ನು ಗೆಲ್ಲಲೆಂದು ನಾಯಕನಾದ ಕ್ರೇಟೋಸನು ತನ್ನ ದೈವೀಶಕ್ತಿಯನ್ನೆಲ್ಲ ಖಡ್ಗಕ್ಕೆ ಧಾರೆಯೆರೆದು ಮರ್ತ್ಯನಾಗುತ್ತಾನೆ. ಬಳಿಕ ಸ್ಯೂಸನು ಅದೇ ಖಡ್ಗದಿಂದ ಅವನನ್ನು ಇರಿಯುತ್ತಾನೆ. (ಕ್ರಿ. ಪೂ. 3ನೆಯ ಶತಮಾನದ ವಿಗ್ರಹವನ್ನು ಪುರಾಣಯುಗಕ್ಕೆ ಎಳೆತಂದುದನ್ನು ಆಟದ ಸಲಿಗೆಯೆಂದು ಮನ್ನಿಸಬಹುದು.) ಟೈಫನ್ ಪ್ರಸಂಗದಲ್ಲಿ ನರಗಳು ದೇಹದಿಂದ ಬೇರ್ಪಟ್ಟಂತೆ ಇಲ್ಲಿ ಬಲವು ದೇಹವನ್ನು ಬಿಟ್ಟು ಲೋಹದಲ್ಲಿ ನೆಲಸಿದೆ. ಈ ಸಾಮ್ಯದಿಂದ ಅನುಕರಣವನ್ನು ಊಹಿಸಬೇಕಾದುದಿಲ್ಲ. ಭೇದವೇ ಹೆಚ್ಚು ಸ್ವಾರಸ್ಯವುಳ್ಳುದು. ಪುರಾಣದಲ್ಲಿ ವಂಚಿತನಾದವನು ದೇವರಾಜ, ಆಟದಲ್ಲಿ ವಂಚಕನೇ ಅವನು. ಹರ್ಮೀಸನೂ ಈಜಿಪಾನನೂ ನರಗಳನ್ನು ಕದ್ದುತಂದು ಸ್ಯೂಸನಿಗೆ ಮತ್ತೆ ಜೋಡಿಸಿದರು. ಕ್ರೇಟೋಸನನ್ನು ಉಳಿಸುವವಳು ಗೈಯಾ, ಅದೂ ಸ್ವಪ್ರಯೋಜನಕ್ಕಾಗಿ.

2010ರ ಮೂರನೆಯ ಆಟದ ಕೊನೆಯಲ್ಲಿ ಕ್ರೇಟೋಸನು ಈ ಖಡ್ಗದಿಂದ ತನ್ನನ್ನೇ ಇರಿದುಕೊಳ್ಳುತ್ತಾನೆ. ಪಂಡೋರಳ ಪೆಟ್ಟಿಗೆಯಿಂದ ಅವನೊಳಗೆ ಸೇರಿದ್ದ ಭರವಸೆ ಆಗ ಮಾನವರಿಗೆ ಹರಡುತ್ತದೆ. ಹೆಸಿಯಡನ ಇನ್ನೊಂದು ಕಾವ್ಯದಲ್ಲಿ ಭರವಸೆ ಪಂಡೋರಳ ಜಾಡಿಯಲ್ಲಿಯೇ ಉಳಿದುದು ಸ್ಯೂಸನ ಇಚ್ಛೆಯಿಂದ. ಇಲ್ಲಿ ಅದನ್ನು ಹೊರಗೆಡಹುವುದು ಸ್ಯೂಸನ ಖಡ್ಗವೇ.